ಏಕಾದಶಿ ಇವತ್ತೋ, ನಾಳೆಯೋ?



ಬೆಂಗಳೂರಿನ ರಾಜಗೋಪಾಲನಗರ ಪೀಣ್ಯದ ಕಾರ್ಖಾನೆಗಳಿಗೆ ಅಂಟಿಕೊಂಡು ಬೆಳೆದ ಊರು. ಇಲ್ಲಿ ದಿನ ಉರುಳುವುದು ಶಿಫ್ಟಿನ ಲೆಕ್ಕದಲ್ಲಿ. ಬೆಳಿಗ್ಗೆ ಆರಕ್ಕೆ ಫಸ್ಟ್ ಶಿಫ್ಟ್, ಮಧ್ಯಾಹ್ನ ಎರಡಕ್ಕೆ ಸೆಕೆಂಡ್, ರಾತ್ರಿ ಹತ್ತಕ್ಕೆ ನೈಟ್. ಉಪವಾಸವಾದರೋ ಚಂದ್ರನ ಲೆಕ್ಕದ್ದು. ಎರಡೂ ಲೆಕ್ಕ ಒಂದೇ ಮನೆಯಲ್ಲಿ ಕೂಡಿದಾಗ, 'ಏಕಾದಶಿ ಇವತ್ತಾ, ನಾಳೆನಾ?' ಎಂಬ ಮಾತು ಬಂದೇ ಬರುತ್ತದೆ. ಗೋಡೆಯ ಕ್ಯಾಲೆಂಡರ್ ಒಂದು ದಿನ ಹೇಳುತ್ತದೆ, ಮಠದ ಪಂಚಾಂಗ ಮರುದಿನ ಎನ್ನುತ್ತದೆ. ಪಂಚಾಂಗದವರಲ್ಲೇ ಒಮ್ಮತವಿಲ್ಲ ಎಂದು ಬೇಸರಪಡುವವರಿದ್ದಾರೆ. ಆದರೆ ಈ ವ್ಯತ್ಯಾಸದ ಹಿಂದೆ ಬಹಳ ಸೂಕ್ಷ್ಮವಾದ ಒಂದು ವಿಚಾರವಿದೆ.

ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ಮೂವತ್ತು ತಿಥಿಗೆ ಒಂದು ಚಾಂದ್ರಮಾಸ, ಅಂದರೆ ಸುಮಾರು 29.53 ದಿನ. ಹಾಗಾಗಿ ತಿಥಿಯ ಸರಾಸರಿ ಅವಧಿ 23 ಗಂಟೆ 37 ನಿಮಿಷ. ಚಂದ್ರ ಭೂಮಿಗೆ ಹತ್ತಿರ ಬಂದಾಗ ವೇಗವಾಗಿ ಓಡುತ್ತಾನೆ, ದೂರ ಹೋದಾಗ ನಿಧಾನಿಸುತ್ತಾನೆ. ಆದ್ದರಿಂದ ಒಂದು ತಿಥಿ ಇಪ್ಪತ್ತು ಗಂಟೆಯ ಆಸುಪಾಸಿನಲ್ಲೇ ಮುಗಿಯಬಹುದು, ಇನ್ನೊಂದು ಇಪ್ಪತ್ತಾರು ಗಂಟೆ ದಾಟಬಹುದು. ಅದು ನಡುಮಧ್ಯಾಹ್ನ ಹುಟ್ಟೀತು, ಅಪರಾತ್ರಿಯಲ್ಲಿ ಮುಗಿದೀತು. ನಮ್ಮ ತಾರೀಕಿನ ಹಂಗು ಅದಕ್ಕಿಲ್ಲ.

ಹಾಗಿದ್ದರೆ ಉಪವಾಸ ಯಾವ ದಿನ? ನಮ್ಮ ಹಿರಿಯರು ಇದಕ್ಕೆ ಒಂದೇ ಉತ್ತರ ಕೊಡಲಿಲ್ಲ. ಒಂದೊಂದು ವ್ರತಕ್ಕೂ ಒಂದೊಂದು ಹೊತ್ತನ್ನು ಗೊತ್ತುಮಾಡಿದರು. ಪ್ರದೋಷಕ್ಕೆ ಸೂರ್ಯ ಮುಳುಗುವಾಗ ತ್ರಯೋದಶಿ ಇರಬೇಕು. ಶಿವರಾತ್ರಿಗೆ ನಡುರಾತ್ರಿಯಲ್ಲಿ ಚತುರ್ದಶಿ ಇರಬೇಕು. ಸಂಕಷ್ಟಿಗೆ ಚಂದ್ರ ಹುಟ್ಟುವ ಹೊತ್ತಿಗೆ ಚತುರ್ಥಿ ಇರಬೇಕು, ಬೆಳಿಗ್ಗೆ ತದಿಗೆ ಇದ್ದರೂ ಅಡ್ಡಿಯಿಲ್ಲ.

ಏಕಾದಶಿಯ ವಿಚಾರ ಇದಕ್ಕಿಂತ ಬಿಗಿ. ದಶಮಿಯ ಸೋಂಕು ಇರಬಾರದು ಎಂಬುದು ಎಲ್ಲರೂ ಒಪ್ಪುವ ಮಾತು. ಯಾವ ಹೊತ್ತಿನಿಂದ ಸೋಂಕು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಸ್ಮಾರ್ತರು ಸೂರ್ಯೋದಯವನ್ನು ನೋಡುತ್ತಾರೆ. ಮಾಧ್ವರು ಅರುಣೋದಯವನ್ನು ನೋಡುತ್ತಾರೆ, ಅಂದರೆ ಸೂರ್ಯ ಹುಟ್ಟುವುದಕ್ಕೆ ನಾಲ್ಕು ಘಳಿಗೆ ಮೊದಲು. ಘಳಿಗೆಗೆ 24 ನಿಮಿಷದಂತೆ 96 ನಿಮಿಷ. ಸೂರ್ಯೋದಯ ಆರೂವರೆಗೆ ಇದೆ ಎಂದುಕೊಳ್ಳಿ. ಅರುಣೋದಯ ಶುರುವಾಗುವುದು 4 ಗಂಟೆ 54 ನಿಮಿಷಕ್ಕೆ. ದಶಮಿ ಐದೂ ಹತ್ತಕ್ಕೆ ಮುಗಿದರೆ ಸ್ಮಾರ್ತರಿಗೆ ಅಂದೇ ಏಕಾದಶಿ, ಮಾಧ್ವರಿಗೆ ಮರುದಿನ. ಹದಿನಾರು ನಿಮಿಷದಲ್ಲಿ ಅಕ್ಕಪಕ್ಕದ ಎರಡು ಮನೆಗಳ ಉಪವಾಸ ಬೇರೆಯಾಯಿತು. ಇಬ್ಬರ ಲೆಕ್ಕವೂ ಸರಿ. ನಿಮ್ಮ ಮನೆಯ ಹಿರಿಯರು ಯಾವ ಪದ್ಧತಿ ಹಿಡಿದಿದ್ದರು ಎಂದು ಕೇಳಿಕೊಂಡು ಅದರಂತೆ ನಡೆದರೆ ಗೊಂದಲವಿಲ್ಲ.

ವರ್ಷಕ್ಕೆ ಏಕಾದಶಿ ಇಪ್ಪತ್ತನಾಲ್ಕು. ಅಧಿಕಮಾಸ ಬಂದರೆ ಇಪ್ಪತ್ತಾರು. ಚಾಂದ್ರ ವರ್ಷಕ್ಕೆ 354 ದಿನ, ಸೌರ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಈ ಕೊರತೆಯನ್ನು ತುಂಬಿಸಲು ಎರಡೂವರೆ ವರ್ಷ ದಾಟುತ್ತಿದ್ದಂತೆ ಒಂದು ತಿಂಗಳು ಹೆಚ್ಚಾಗಿ ಬರುತ್ತದೆ. 2023ರಲ್ಲಿ ಶ್ರಾವಣವೇ ಎರಡಾಗಿತ್ತು. ವೈಕುಂಠ ಏಕಾದಶಿಯದು ಇನ್ನೂ ಸ್ವಾರಸ್ಯ. ತಿಥಿ ಚಂದ್ರನದು, ಆದರೆ ಅದು ಸೂರ್ಯನ ಧನುರ್ಮಾಸದೊಳಗೆ ಬೀಳಬೇಕು. ಹಾಗಾಗಿ 2024ರ ಕ್ಯಾಲೆಂಡರಿನಲ್ಲಿ ವೈಕುಂಠ ಏಕಾದಶಿ ಇರಲೇ ಇಲ್ಲ. 2025ರಲ್ಲಿ ಜನವರಿ 10ಕ್ಕೊಂದು, ಡಿಸೆಂಬರ್ 30ಕ್ಕೊಂದು, ಎರಡು ಬಂದವು.

ಇನ್ನು ಊರಿನ ವಿಷಯ. ಸಂಕಷ್ಟಿಯ ದಿನ ಬೆಂಗಳೂರಿನಲ್ಲಿ ಚಂದ್ರ ಹುಟ್ಟುವುದು ಸಾಮಾನ್ಯವಾಗಿ ರಾತ್ರಿ ಎಂಟರಿಂದ ಹತ್ತರ ನಡುವೆ. ಕೋಲ್ಕತ್ತಾದಲ್ಲಿ ಮುಕ್ಕಾಲು ಗಂಟೆಯಷ್ಟು ಮೊದಲೇ ಹುಟ್ಟಿರಬಹುದು, ಆ ಊರು ಅಷ್ಟು ಪೂರ್ವಕ್ಕಿದೆ. ದೆಹಲಿ ಹೆಚ್ಚುಕಡಿಮೆ ನಮ್ಮ ನೇರಕ್ಕೇ ಉತ್ತರದಲ್ಲಿದ್ದರೂ ಅಲ್ಲಿನ ಹೊತ್ತು ಬೇರೆ. ಆಶ್ವಯುಜ ಬಹುಳ ಚೌತಿಯಂದು ನಮಗೆ ಸಂಕಷ್ಟಿ, ಉತ್ತರ ಪ್ರದೇಶ, ರಾಜಸ್ಥಾನಗಳ ಹೆಣ್ಣುಮಕ್ಕಳಿಗೆ ಕರವಾ ಚೌತ್. ಅಂದು ದೆಹಲಿಯ ಚಂದ್ರ ನಮ್ಮ ಚಂದ್ರನಿಗಿಂತ ಅರ್ಧ ಗಂಟೆಯಷ್ಟು ಮೊದಲು ಮೇಲೇರಿರುತ್ತಾನೆ. ಟಿವಿಯಲ್ಲಿ ಅಲ್ಲಿನ ಚಂದ್ರನನ್ನು ಕಂಡು ಇಲ್ಲಿ ಅರ್ಘ್ಯ ಬಿಟ್ಟರೆ ವ್ರತದ ಹೊತ್ತು ತಪ್ಪುತ್ತದೆ. ಮೊಬೈಲಿನಲ್ಲಿ ಪಂಚಾಂಗ ನೋಡುವವರು ಊರಿನ ಹೆಸರು ಬೆಂಗಳೂರು ಎಂದಿದೆಯೇ ಎಂದು ಮೊದಲು ನೋಡಿಕೊಳ್ಳಿ. ಸೆಕೆಂಡ್ ಶಿಫ್ಟಿನವರು ಚಂದ್ರೋದಯದ ಹೊತ್ತಿಗೆ ಮೆಷಿನ್ ಮುಂದೆಯೇ ಇರುತ್ತಾರೆ. ಅವರು ಹನ್ನೊಂದಕ್ಕೆ ಮನೆ ಸೇರಿ, ಚಂದ್ರನನ್ನು ನೋಡಿ, ಪೂಜೆ ಮುಗಿಸಿ ಉಂಡರೆ ವ್ರತಕ್ಕೆ ಕುಂದಿಲ್ಲ. ಚಂದ್ರ ಹುಟ್ಟಿದ ಮೇಲೆ ಉಣ್ಣಬೇಕು ಎಂಬುದಷ್ಟೇ ಅದರ ನಿಯಮ.

ಶ್ರಾವಣ ಬಂದಾಗ ಇನ್ನೊಂದು ಅಚ್ಚರಿ. ಒಂದೇ ಕಾರ್ಖಾನೆಯಲ್ಲಿ ಬಿಹಾರದ ಹುಡುಗರು ಶ್ರಾವಣ ಸೋಮವಾರ ಶುರುಮಾಡಿ ಎರಡು ವಾರ ಕಳೆದ ಮೇಲೆ ನಮ್ಮ ಶ್ರಾವಣ ಕಾಲಿಡುತ್ತದೆ. ಅವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಶುಕ್ಲಪಕ್ಷ ಇಬ್ಬರಿಗೂ ಒಂದೇ ಹೆಸರಿನ ತಿಂಗಳಲ್ಲಿ ಬೀಳುತ್ತದೆ, ಕೃಷ್ಣಪಕ್ಷದ ಹೆಸರು ಮಾತ್ರ ಬೇರೆ. ಅದಕ್ಕೇ ನಾವು ಮಾಘದ ಶಿವರಾತ್ರಿ ಎಂದಿದ್ದನ್ನು ಅವರು ಫಾಲ್ಗುಣದ್ದು ಎನ್ನುತ್ತಾರೆ. ಜಾಗರಣೆ ಒಂದೇ ರಾತ್ರಿ.

ಉಪವಾಸ ಮಾಡುವ ಬಗೆಯೂ ಒಂದೇ ಅಲ್ಲ. ಮಂಡ್ಯ, ತುಮಕೂರಿನ ಕಡೆಯಿಂದ ಬಂದವರು ಶ್ರಾವಣ ಶನಿವಾರ ತಿಮ್ಮಪ್ಪನ ಹೆಸರಿನಲ್ಲಿ ಒಪ್ಪೊತ್ತು ಇರುತ್ತಾರೆ. ವಿಜಯಪುರ, ಬೆಳಗಾವಿ ಕಡೆಯವರ ಮನೆಯಲ್ಲಿ ಸಾಬೂದಾಣಿ ಖಿಚಡಿ, ಶೇಂಗಾದ ಫರಾಳ. ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆದುಹೋಗುವವರೂ ಅವರಲ್ಲಿದ್ದಾರೆ. ಕೆಲವರದು ತೊಟ್ಟು ನೀರೂ ಇಲ್ಲದ ನಿರ್ಜಲ ಉಪವಾಸ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಪವರ್ ಪ್ರೆಸ್ ಮುಂದೆ ನಿಲ್ಲುವವರು, ಕುಲುಮೆಯ ಬಳಿ ಬೆವರುವವರು ಅಂದು ನೀರು ಬಿಡಬಾರದು ಎಂದೇ ನಾನು ಹೇಳುತ್ತೇನೆ. ತಲೆಸುತ್ತು ಬಂದ ಒಂದು ಕ್ಷಣಕ್ಕೆ ಕೈಬೆರಳು ಹೋದೀತು. ಶಾಸ್ತ್ರವೂ ಇದಕ್ಕೆ ಒಪ್ಪುತ್ತದೆ. ವ್ರತವನ್ನು ಕೆಡಿಸದ ಎಂಟು ಸಂಗತಿಗಳನ್ನು ಮಹಾಭಾರತದ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಆ ಪಟ್ಟಿಯ ಮೊದಲಲ್ಲೇ ನೀರಿದೆ, ಗೆಡ್ಡೆ, ಹಣ್ಣು, ಹಾಲು ಇವೆ, ಔಷಧವೂ ಇದೆ. ಸಕ್ಕರೆ ಕಾಯಿಲೆಯವರು ಮಾತ್ರೆ ಬಿಟ್ಟು ಉಪವಾಸ ಮಾಡುವುದು ಭಕ್ತಿಯಲ್ಲ. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಡುವುದೂ ಅಪಾಯ. ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಬಸುರಿಯರಿಗೆ, ಮಕ್ಕಳಿಗೆ, ಕಾಯಿಲೆಯವರಿಗೆ ಶಾಸ್ತ್ರ ಎಂದೂ ಬಲವಂತ ಮಾಡಿಲ್ಲ.

ಕೊನೆಯದಾಗಿ ಪಾರಣೆ. ಏಕಾದಶಿ ಮಾಡಿದವರು ದ್ವಾದಶಿ ಮುಗಿಯುವುದರೊಳಗೆ ಉಣ್ಣಬೇಕು. ಅಗಸೆ ಸೊಪ್ಪು, ನೆಲ್ಲಿಕಾಯಿ ಅಂದಿನ ಅಡುಗೆಯಲ್ಲಿ ಇರಲೇಬೇಕು ಎನ್ನುವ ಮನೆಗಳಿವೆ. ದ್ವಾದಶಿ ಕೆಲವೊಮ್ಮೆ ಸೂರ್ಯೋದಯವಾದ ಸ್ವಲ್ಪ ಹೊತ್ತಿಗೇ ಮುಗಿದುಹೋಗುತ್ತದೆ. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ದಿನ ಸೂರ್ಯ ಹುಟ್ಟುವುದು ಆರರ ಮೇಲೆ. ಅಷ್ಟರಲ್ಲಿ ಫಸ್ಟ್ ಶಿಫ್ಟಿನವರು ಕಾರ್ಡ್ ಪಂಚ್ ಮಾಡಿ ಒಳಗಿರುತ್ತಾರೆ. ಅವರೇನು ಮಾಡಬೇಕು? ಭಾಗವತದ ಅಂಬರೀಷನಿಗೆ ಇದೇ ಇಕ್ಕಟ್ಟು ಬಂದಿತ್ತು. ಊಟಕ್ಕೆ ಬರುತ್ತೇನೆಂದು ನದಿಗೆ ಹೋದ ದೂರ್ವಾಸರು ಹಿಂದಿರುಗಲಿಲ್ಲ, ದ್ವಾದಶಿ ಜಾರುತ್ತಿತ್ತು. ಬಲ್ಲವರನ್ನು ಕೇಳಿ ರಾಜ ಬರೀ ನೀರು ಕುಡಿದ. ನೀರಿನಿಂದ ಪಾರಣೆಯೂ ಆಯಿತು, ಅತಿಥಿಗಿಂತ ಮೊದಲು ಉಂಡಂತೆಯೂ ಆಗಲಿಲ್ಲ. ಕಾರ್ಖಾನೆಯೊಳಗಿನವರೂ ಸೂರ್ಯೋದಯವಾದ ಮೇಲೆ ಬಾಟಲಿಯ ನೀರನ್ನು ಕುಡಿದು ಪಾರಣೆ ಮಾಡಬಹುದು. ಡಬ್ಬಿಯ ಊಟವನ್ನು ತಿಂಡಿಯ ಬಿಡುವಿನಲ್ಲಿ ಬಿಚ್ಚಿದರೆ ಆಯಿತು.