ಹರಳಿನ ಗಾತ್ರ, ತಣಿದ ಆಳ

ಶಿಲಾಪಾಕ ನೆಲದ ಮೇಲೆ ಲಾವಾ ಆಗಿ ಹರಿದು ಗಟ್ಟಿಯಾದರೆ ಜ್ವಾಲಾಮುಖಿ ಶಿಲೆ; ಮೇಲೇರಲಾಗದೆ ಭೂಗರ್ಭದಲ್ಲೇ ಉಳಿದು ಗಟ್ಟಿಯಾದರೆ ಅಂತರಾಳದ ಶಿಲೆ. ಗೋಲಗುಮ್ಮಟ ಕಟ್ಟಿದ ಬಸಾಲ್ಟ್ ಮೊದಲ ಬಗೆಯದು, ರಾಮನಗರದ ಬೆಟ್ಟಗಳ ಗ್ರಾನೈಟ್ ಎರಡನೆಯದು.

ಲಾವಾ ಗಾಳಿಗೋ ನೀರಿಗೋ ತಾಗಿ ಬೇಗ ತಣಿಯುವುದರಿಂದ ಹರಳು ಬೆಳೆಯಲು ಬಿಡುವಿಲ್ಲ. ಕಣಗಳು ಬರಿಗಣ್ಣಿಗೆ ಕಾಣುವುದೇ ಕಷ್ಟ. ತೀರಾ ಬೇಗ ತಣಿದರೆ ಹರಳೇ ಕಟ್ಟದೆ ಗಾಜಾಗುತ್ತದೆ. ಒತ್ತಡ ಇಳಿದೊಡನೆ ಪಾಕದೊಳಗಿನ ಅನಿಲ ಗುಳ್ಳೆಯೆದ್ದು ಕಲ್ಲಿನಲ್ಲಿ ಪೊಳ್ಳು ಉಳಿಯುವುದೂ ಉಂಟು. ಆಳದಲ್ಲಾದರೋ ಸುತ್ತಲಿನ ಬಂಡೆ ಕಾವನ್ನು ಬೇಗ ಬಿಟ್ಟುಕೊಡದು. ದೊಡ್ಡ ಪಾಕರಾಶಿ ತಣಿಯಲು ಲಕ್ಷಾಂತರ ವರ್ಷ ಹಿಡಿಯಬಹುದು. ಅಷ್ಟರಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಪಾಕದ ರಸಾಯನ ಬೇರೆ ಮಾತು. ಗ್ರಾನೈಟಾಗುವ ಪಾಕವೇ ಮೇಲೆ ಉಕ್ಕಿದರೆ ರಯೋಲೈಟ್; ಬಸಾಲ್ಟಾಗುವ ಪಾಕ ಒಳಗೇ ಉಳಿದರೆ ಗ್ಯಾಬ್ರೊ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ಪ್ರವಾಸಿಗರು ಬಸಾಲ್ಟ್ ಎಂದೇ ಕರೆಯುತ್ತಾರೆ. ಅವು ಸಿಲಿಕಾ ಹೆಚ್ಚಿರುವ, ರಯೋಲೈಟಿನ ಕಡೆಯ ಶಿಲೆಗಳು. ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ರಸಾಯನದಲ್ಲಿ ಅವಕ್ಕೆ ಹತ್ತಿರದ ನೆಂಟ ದಖನ್ನಿನ ಬಸಾಲ್ಟ್ ಅಲ್ಲ, ರಾಮನಗರದ ಗ್ರಾನೈಟ್.

ಜ್ವಾಲಾಮುಖಿ ಶಿಲೆ, ಅಂತರಾಳದ ಶಿಲೆಗಳ ನಡುವೆ ಗೆರೆ ಎಳೆಯುವುದು ಪಠ್ಯಪುಸ್ತಕದಲ್ಲಿ ಸುಲಭ, ಬಂಡೆಯ ಮುಂದೆ ಅಲ್ಲ. ಬಿರುಕಿಗೆ ನುಗ್ಗಿ ಹೆಚ್ಚು ಆಳವಿಲ್ಲದ ಕಡೆ ತಣಿದ ಡೈಕುಗಳ ಡಾಲರೈಟಿನಲ್ಲಿ ಹರಳು ನಡುಗಾತ್ರದ್ದು. ಕನಕಪುರ, ಚಾಮರಾಜನಗರದ ಕ್ವಾರಿಗಳಿಂದ ಕಪ್ಪು ಗ್ರಾನೈಟ್ ಎಂದು ಮಾರಾಟವಾಗುವುದು ಬಹುಪಾಲು ಇದೇ.

ರಾಮನಗರದ ಹಳೆಯ ಹೆಸರು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ತೊಡಕನ್ನು ಇನ್ನೂ ಹೆಚ್ಚಿಸುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಪಟ್ಟಿ ತೆಂಕಣದಿಂದ ಬಡಗಣಕ್ಕೆ ಸುಮಾರು 400 ಕಿ.ಮೀ. ಹಬ್ಬಿದೆ. ದಕ್ಷಿಣದ ಕಬ್ಬಾಳದುರ್ಗದತ್ತ ಅದರ ಬೇರು ಕಾಣುತ್ತದೆ, ಉತ್ತರಕ್ಕೆ ಹೋದಂತೆ ಮೇಲುಭಾಗ. ಮೈಸೂರು ಸೀಮೆಯ ಭೂವಿಜ್ಞಾನದ ಗುರುಗಳಲ್ಲಿ ಒಬ್ಬರಾದ ಬಿ.ಪಿ. ರಾಧಾಕೃಷ್ಣ ಇದರ ಮೇಲೆ 1956ರಲ್ಲಿ ಇಡೀ ಗ್ರಂಥವನ್ನೇ ಹೊರತಂದರು. ಗ್ರಾನೈಟ್ ಹುಟ್ಟಿದ್ದೇ ಕರಗಿದ ಪಾಕದಿಂದಲೋ, ಹಳೆಯ ಬಂಡೆ ಗಟ್ಟಿಯಾಗಿದ್ದಂತೆಯೇ ಮಾರ್ಪಟ್ಟೋ ಎಂಬ ಜಗಳ ಜಗತ್ತಿನಾದ್ಯಂತ ಕಾವೇರಿದ್ದ ಕಾಲವದು. ಪಾಕದ ಪಕ್ಷ ಗೆದ್ದಿತು, ಆದರೆ ಪೂರ್ತಿಯಾಗಿ ಅಲ್ಲ. ಈ ಕಲ್ಲಿನಲ್ಲಿ ಹಲವು ಸೆಂಟಿಮೀಟರ್ ಉದ್ದದ ಪೊಟ್ಯಾಷ್ ಫೆಲ್ಡ್‌ಸ್ಪಾರ್ ಹರಳುಗಳಿವೆ. ಎಷ್ಟೋ ಕಡೆ ಅವು ಒಂದೇ ದಿಕ್ಕಿಗೆ ಮಲಗಿರುವುದನ್ನು ನೋಡಿದರೆ ಹರಿಯುವ ಪಾಕದಲ್ಲಿ ತೇಲಿದಂತಿವೆ. ಅಥವಾ ಕಲ್ಲು ಬಹುಪಾಲು ಗಟ್ಟಿಯಾದ ಮೇಲೆ ಒಳಹೊಕ್ಕ ದ್ರವದಿಂದ ಬೆಳೆದವೇ? ಹಾಗಿದ್ದರೆ ಹರಳಿನ ಗಾತ್ರ ನೋಡಿ ತಣಿದ ವೇಗವನ್ನು ಹೇಳುವುದು ಎಷ್ಟರಮಟ್ಟಿಗೆ ಸರಿ?