ಹವ್ಯಾಸಿ ಬಾನುಲಿಯ ಉಪಗ್ರಹ ಮತ್ತು ಪ್ರಚಾರದ ಪ್ರಶ್ನೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡಿನ ಸಂಘದ ಉತ್ಸವದಲ್ಲಿ ಉಪಗ್ರಹದ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಸ್ವಯಂಸೇವೆಯಿಂದ ನಡೆಯುವ ಸಂಸ್ಥೆಗಳ ಕಷ್ಟ ಎಲ್ಲೆಡೆಯೂ ಒಂದೇ. ನಮ್ಮಲ್ಲಿ ಜಮಖಾನೆ ಹಾಸುವವರೂ, ಕರಪತ್ರ ಹಂಚುವವರೂ, ಕೊನೆಗೆ ವಂದನಾರ್ಪಣೆ ಮಾಡುವವರೂ ಅದೇ ನಾಲ್ವರು. ಕೆಲಸ ಮುಗಿಯುವ ಹೊತ್ತಿಗೆ ಅದನ್ನು ಹತ್ತು ಜನಕ್ಕೆ ತಿಳಿಸುವ ಶಕ್ತಿ ಅವರಲ್ಲಿ ಉಳಿದಿರುವುದಿಲ್ಲ. ಬಾನಿಗೆ ಉಪಗ್ರಹ ಕಳುಹಿಸಿದ ಹವ್ಯಾಸಿಗಳ ಪಾಡೂ ಇದಕ್ಕಿಂತ ಬೇರೆಯಲ್ಲ.

ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ಲಾಭದ ಆಸೆಯಿಲ್ಲದೆ ರೇಡಿಯೋ ಮೂಲಕ ಪರಸ್ಪರ ಮಾತನಾಡುವವರು ಹವ್ಯಾಸಿ ಬಾನುಲಿಗರು. ಜನ ಇವರನ್ನು ‘ಹ್ಯಾಮ್’ ಎಂದು ಕರೆಯುವರು. ಇವರಲ್ಲಿ ಉಪಗ್ರಹದ ಆಸಕ್ತಿಯುಳ್ಳವರು ಕೂಡಿ ನಡೆಸುವ ಸಂಸ್ಥೆ ಬೆಂಗಳೂರಿನ ಆಮ್‌ಸ್ಯಾಟ್ ಇಂಡಿಯಾ. ಇವರೂ ಇಸ್ರೋ ಸಂಸ್ಥೆಯೂ ಕೈಗೂಡಿಸಿದ್ದರ ಫಲವಾಗಿ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ‘ಹ್ಯಾಮ್‌ಸ್ಯಾಟ್’ ಮೇಲೇರಿತು. ಅದರ ತೂಕ 42.5 ಕಿಲೋಗ್ರಾಂ. ಅದರಲ್ಲಿ ಎರಡು ಮರುಪ್ರಸಾರ ಯಂತ್ರಗಳಿದ್ದವು: ಒಂದು ನಮ್ಮ ದೇಶದ್ದು, ಇನ್ನೊಂದನ್ನು ನೆದರ್ಲೆಂಡ್ಸಿನ ಒಬ್ಬ ವಿದ್ಯಾರ್ಥಿ ರಚಿಸಿದ್ದನು. ಎರಡು ವರ್ಷ ಬಾಳೀತೆಂದು ಎಣಿಸಿದ್ದ ಈ ಉಪಗ್ರಹವು ಒಂಬತ್ತು ವರ್ಷ ದುಡಿದು, 2014ರ ಜುಲೈಯಲ್ಲಿ ಬ್ಯಾಟರಿ ಕೆಟ್ಟು ಮೌನವಾಯಿತು.

ಈ ಸುದ್ದಿ ನಮ್ಮ ಎಷ್ಟು ಮನೆಗಳಿಗೆ ಮುಟ್ಟಿದೆ? ಮುಟ್ಟದಿರಲು ಕಾರಣಗಳುಂಟು. ಅದೇ ರಾಕೆಟ್ಟಿನಲ್ಲಿ 1560 ಕಿಲೋಗ್ರಾಂ ತೂಕದ ಕಾರ್ಟೋಸ್ಯಾಟ್-1 ಇದ್ದಿತು. ದಿಬ್ಬಣದಲ್ಲಿ ಮದುಮಗನ ಪಕ್ಕ ಕುಳಿತ ಬಾಲಕನ ಹೆಸರನ್ನು ಯಾರು ಕೇಳುತ್ತಾರೆ? 2019ರ ಏಪ್ರಿಲ್ 1ರಂದು ಆಮ್‌ಸ್ಯಾಟ್ ಇಂಡಿಯಾದ ಇನ್ನೊಂದು ಸಂದೇಶಯಂತ್ರ ಮೇಲೇರಿದಾಗಲೂ ಪ್ರಧಾನ ಸ್ಥಾನ ಎಮಿಸ್ಯಾಟ್ ಎಂಬ ಉಪಗ್ರಹಕ್ಕೇ ಸಂದಿತು.

ಎರಡನೆಯ ಕಾರಣ ಇನ್ನೂ ಬಲವಾದದ್ದು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ತೆರೆದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ಹೆಸರಾಯಿತು. ಸಾಮಾನ್ಯ ರೇಡಿಯೋ ಇದ್ದವರು ಆ ವಾಣಿಯನ್ನು ಕೇಳಬಹುದಾಗಿತ್ತು. ಹ್ಯಾಮ್‌ಸ್ಯಾಟಿನ ದನಿಯಾದರೋ ಮನೆಯ ರೇಡಿಯೋಗೆ ಸಿಕ್ಕುವಂಥದಲ್ಲ. ಅದು ಒಂದು ಸಲ ತಲೆಯ ಮೇಲೆ ಹಾದುಹೋಗುತ್ತಿದ್ದುದು ಹತ್ತು ಹನ್ನೆರಡು ನಿಮಿಷ ಮಾತ್ರ. ಕಣ್ಣಿಗೆ ಕಾಣದ, ಕಿವಿಗೆ ಕೇಳದ ವಸ್ತುವನ್ನು ಜನರ ಮನಸ್ಸಿಗೆ ಮುಟ್ಟಿಸುವುದು ಹೇಗೆ? ಅದರ ವಿವರಣೆಯೂ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಇರುವುದಾದರೆ ಕನ್ನಡ ಶಾಲೆಯ ಮಗುವಿಗೆ ದೊರೆಯುವುದೇನು?

ಇದಕ್ಕೆ ದಾರಿಯನ್ನು ಮೊಟ್ಟಮೊದಲ ಹವ್ಯಾಸಿ ಉಪಗ್ರಹವೇ ತೋರಿದೆ. 1961ರ ಡಿಸೆಂಬರ್ 12ರಂದು ಅಮೆರಿಕದ ಹವ್ಯಾಸಿಗಳು ಹಾರಿಸಿದ ಆಸ್ಕರ್-1 ಮಾಡುತ್ತಿದ್ದುದು ಒಂದೇ ಕೆಲಸ: ಮೋರ್ಸ್ ಸಂಕೇತದಲ್ಲಿ ‘ಹಾಯ್’ ಎನ್ನುವುದು. ಅದು ಬಾಳಿದ್ದು ಸುಮಾರು ಮೂರು ವಾರ. ಆದರೆ 28 ದೇಶಗಳ 570ಕ್ಕೂ ಹೆಚ್ಚು ಹವ್ಯಾಸಿಗಳು ಅದನ್ನು ಆಲಿಸಿ ವರದಿ ಬರೆದು ಕಳುಹಿಸಿದರು. ಕೇಳಿದವನು ಬರೀ ಕೇಳುಗನಾಗಿ ಉಳಿಯಲಿಲ್ಲ, ಪಾಲುಗಾರನಾದನು. ಪ್ರಚಾರದ ಮರ್ಮವಿರುವುದು ಇಲ್ಲಿಯೇ. ಜನರಿಂದ ಚಪ್ಪಾಳೆಯನ್ನು ಬೇಡಿದರೆ ಅದು ಅಂದಿಗೇ ಮುಗಿಯುತ್ತದೆ. ಒಂದು ಸಣ್ಣ ಕೆಲಸವನ್ನು ಬೇಡಿದರೆ ನಂಟು ಉಳಿಯುತ್ತದೆ.

ಪ್ರಚಾರವೆಂದರೆ ಬಡಾಯಿಯೂ ಅಲ್ಲ. ಉಪಗ್ರಹ ಏರಿದ ದಿನವನ್ನು ಸಾರಿದಷ್ಟೇ ನೇರವಾಗಿ ಅದು ಮೌನವಾದ ದಿನವನ್ನೂ ಸಾರತಕ್ಕದ್ದು. ಹಾಗೆ ಸಾರಿದವರ ಮುಂದಿನ ಮಾತನ್ನು ಜನ ನಂಬುತ್ತಾರೆ.

ನಮಗೆ ಇದರಿಂದೇನು ಎಂದು ಕೇಳುವವರು 1993ರ ಸೆಪ್ಟೆಂಬರ್ 30ರ ನಸುಕನ್ನು ನೆನೆಯಬೇಕು. ಕಿಲ್ಲಾರಿಯ ಭೂಕಂಪದಲ್ಲಿ ನಮ್ಮ ಸೀಮೆಯ ಸಾವಿರಾರು ಜೀವಗಳು ಕಲ್ಲುಮಣ್ಣಿನಡಿ ಅಡಗಿದವು. ಅಂಥ ಹೊತ್ತಿನಲ್ಲಿ ಒಂದು ಮಾತು ಬೇಗ ತಲುಪುವುದರ ಬೆಲೆಯನ್ನು ನಮಗೆ ಬೇರೆಯವರು ಹೇಳಬೇಕಾದುದಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಅವರ ಹವ್ಯಾಸಿ ತಂಡವು ದ್ವೀಪದ ಸುದ್ದಿಯನ್ನು ಹೊರನಾಡಿಗೆ ಮುಟ್ಟಿಸಿತು. ಇಂಥ ವಿದ್ಯೆ ಬಲ್ಲವರು ಊರಿನಲ್ಲಿ ಒಬ್ಬಿಬ್ಬರಾದರೂ ಇರಬೇಡವೇ?

ಆದುದರಿಂದ ನಮ್ಮ ಸೂಚನೆ ಇಷ್ಟು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿಯೂ ಹವ್ಯಾಸಿ ಬಾನುಲಿಯುಂಟು. ಅದು ದನಿ ಬಿತ್ತುವಾಗ ಸಣ್ಣ ಗ್ರಾಹಕ ಯಂತ್ರದಿಂದಲೂ ಕೇಳಬಹುದು. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಪರವಾನಗಿಯುಳ್ಳ ಒಬ್ಬರನ್ನು ಕರೆಸಿ, ನಮ್ಮ ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಒಂದೊಂದು ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ಅದನ್ನು ಕೇಳಿಸೋಣ. ಕೇಳಿದ ಹೊತ್ತು, ದನಿಯ ಗುಣ, ಇವುಗಳನ್ನು ಮಕ್ಕಳು ಕನ್ನಡದಲ್ಲಿ ಬರೆದಿಡಲಿ. ಕರಪತ್ರವು ಕನ್ನಡದೊಡನೆ ಮರಾಠಿಯಲ್ಲಿಯೂ ಇರಲಿ, ನೆರೆಮನೆಯವರೂ ಬರಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಮಕ್ಕಳ ವರದಿಗಳು ಅಚ್ಚಾದರೆ ಬಾನಿನ ಸೇವಕರ ಹೊರೆಯಲ್ಲಿ ಒಂದು ಹಿಡಿಯನ್ನು ನಾವು ಹೊತ್ತಂತಾಗುವುದು.