ಎರಡು ವಿಶೇಷಣಗಳ ಭಾರ

ಅಪರಾಧ ನಡೆಯಿತೇ ಎಂಬುದನ್ನು ನಿರ್ಣಯಿಸಲು ಸಾಕ್ಷ್ಯ ಬೇಕು. ಶಿಕ್ಷೆ ಎಷ್ಟು ಎಂಬುದನ್ನು ನಿರ್ಣಯಿಸಲು ವಿವೇಕ ಬೇಕು. ಆ ವಿವೇಕ ಎಡವಿದಾಗ ಮೇಲಿನ ನ್ಯಾಯಾಲಯವು ಅದನ್ನು ಹೇಗೆ ತಿದ್ದುತ್ತದೆ ಎಂಬುದೇ ಇಂದಿನ ವಿಚಾರ.

1983ರಲ್ಲಿ ಸಂಸತ್ತು ಅತ್ಯಾಚಾರದ ಕಾನೂನನ್ನು ತಿದ್ದುಪಡಿ ಮಾಡಿ, ಹನ್ನೆರಡು ವರ್ಷದೊಳಗಿನ ಬಾಲಕಿಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷಗಳ ಕಠಿಣ ಸಜೆಯನ್ನು ಗೊತ್ತುಪಡಿಸಿತು. ಜೊತೆಗೆ ಒಂದು ಕಿಂಡಿಯನ್ನೂ ಉಳಿಸಿತು. ಸಾಕಷ್ಟಾದ ಮತ್ತು ವಿಶೇಷವಾದ ಕಾರಣಗಳಿದ್ದರೆ, ಅವನ್ನು ತೀರ್ಪಿನಲ್ಲಿ ಬರೆದು, ನ್ಯಾಯಾಧೀಶರು ಶಿಕ್ಷೆಯನ್ನು ತಗ್ಗಿಸಬಹುದಿತ್ತು. ವ್ಯಾಕರಣದ ಪಾಠ ಹೇಳುತ್ತ ಬಂದ ನನ್ನಂಥವನ ಕಣ್ಣಿಗೆ ಇಲ್ಲಿ ಬೀಳುವುದು 'ಮತ್ತು' ಎಂಬ ಅವ್ಯಯ. ಕಾರಣವು ಸಾಕಷ್ಟಾಗಿದ್ದರೆ ಸಾಲದು, ವಿಶೇಷವೂ ಆಗಿರಬೇಕು.

ಈ ಎರಡು ವಿಶೇಷಣಗಳ ಭಾರವನ್ನು ತೂಗಿ ನೋಡಿದ್ದು ನಮ್ಮ ರಾಜ್ಯದ್ದೇ ಒಂದು ಪ್ರಕರಣ. ಏಳೆಂಟು ವರ್ಷದ ಮಗುವಿನ ಮೇಲೆ ಅತ್ಯಾಚಾರ ನಡೆದಿತ್ತು. ವಿಚಾರಣಾ ನ್ಯಾಯಾಲಯ 10 ವರ್ಷಗಳ ಸಜೆ ವಿಧಿಸಿತು. ಉಚ್ಚ ನ್ಯಾಯಾಲಯ ಅದನ್ನು 4 ವರ್ಷಕ್ಕೆ ಇಳಿಸಿತು. ಅಪರಾಧಿ ಅನಕ್ಷರಸ್ಥ, ದುರ್ಬಲ ವರ್ಗದವ, ಕುಡಿತಕ್ಕೆ ದಾಸನಾದವ. ವೃದ್ಧ ತಾಯಿ, ಮಡದಿ, ಮಕ್ಕಳು ಅವನನ್ನೇ ನಂಬಿದ್ದಾರೆ ಎಂಬುವೇ ಕಾರಣಗಳು. ರಾಜ್ಯ ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2000ದಲ್ಲಿ ಆ ನ್ಯಾಯಾಲಯವು ಈ ಕಾರಣಗಳು ಸಾಕಷ್ಟಾದವೂ ಅಲ್ಲ, ವಿಶೇಷವಾದವೂ ಅಲ್ಲವೆಂದು ಹೇಳಿ 10 ವರ್ಷಗಳ ಸಜೆಯನ್ನು ಮರಳಿ ಸ್ಥಾಪಿಸಿತು. ಅಪರಾಧಿಯ ಅಥವಾ ನೊಂದವಳ ಜಾತಿ, ಮತ, ಅಂತಸ್ತುಗಳು ಶಿಕ್ಷೆಯ ಅಳತೆಗೋಲಾಗಲಾರವು ಎಂಬುದನ್ನೂ ಸ್ಪಷ್ಟಪಡಿಸಿತು.

ಶ್ರೋತೃಗಳೇ, ಕವಿತಾಳ, ಮಾನ್ವಿ, ದೇವದುರ್ಗಗಳ ಸೀಮೆಯಲ್ಲಿ ಬಡತನವನ್ನು ವಿಶೇಷವೆಂದು ಯಾರು ತಾನೇ ಕರೆದಾರು? ಮಳೆ ಕೈಕೊಟ್ಟರೆ ಗಂಟುಮೂಟೆ ಕಟ್ಟಿ ಗುಳೆ ಹೋಗುವ ಬಡವರು ಮಾನದಿಂದ ಬದುಕುತ್ತಾರೆ. ಬಡತನವೇ ಇಂಥ ಕೃತ್ಯಕ್ಕೆ ರಿಯಾಯಿತಿಯಾದರೆ ಅಪಮಾನ ಅವರಿಗೇ. ಅಪರಾಧಿಯ ತಾಯಿಯನ್ನು ನೆನೆಯುವ ಕರುಣೆ ನೊಂದ ಮಗುವಿನ ತಾಯಿಯನ್ನು ಮರೆಯಬಾರದು.

ಹಾಗೆಂದು ಮೇಲ್ಮನವಿ ಸೇಡಿನ ಸಾಧನವಲ್ಲ. ಅಪರಾಧಿಗೆ ತಿಳಿಸಿ, ಅವನ ಮಾತನ್ನು ಕೇಳದೆ ಯಾವ ಮೇಲ್ಮನವಿ ನ್ಯಾಯಾಲಯವೂ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ಆ ಕಟ್ಟುಪಾಡು ಸರಿಯಾದದ್ದೇ.

ಆ ಹಳೆಯ ಕಿಂಡಿ 2013ರ ತಿದ್ದುಪಡಿಯಿಂದ ಮುಚ್ಚಿತು. 2018ರಲ್ಲಿ ಹನ್ನೆರಡರೊಳಗಿನ ಬಾಲಕಿಯ ವಿಷಯದಲ್ಲಿ ಕನಿಷ್ಠ ಸಜೆ 20 ವರ್ಷವಾಯಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಆದರೆ ಒಂದು ಕೊರತೆ ಹಾಗೆಯೇ ಇದೆ. ಅಪರಾಧಿ ಬಿಡುಗಡೆಯಾದರೆ, ಸಣ್ಣ ಅಪರಾಧಕ್ಕಷ್ಟೇ ಗುರಿಯಾದರೆ, ಪರಿಹಾರ ಸಾಲದಾದರೆ ನೊಂದವರು ಮೇಲ್ಮನವಿ ಸಲ್ಲಿಸಬಹುದು. 2009ರ ಕೊನೆಯಿಂದ ಈ ಹಕ್ಕು ಅವರಿಗಿದೆ. ಶಿಕ್ಷೆ ಕಡಿಮೆಯಾಯಿತೆಂದು ಮೇಲ್ಮನವಿ ಸಲ್ಲಿಸುವ ಹಕ್ಕು ಮಾತ್ರ ಸರ್ಕಾರದ್ದು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಹೇಳಿತು.

2008ರಿಂದ ಉಚ್ಚ ನ್ಯಾಯಾಲಯದ ಪೀಠ ಕಲಬುರಗಿಯಲ್ಲೇ ಇದೆ. ರಾಯಚೂರು ಸೀಮೆಯವರು ನ್ಯಾಯಕ್ಕಾಗಿ ಬೆಂಗಳೂರಿನವರೆಗೆ ಅಲೆಯುವುದು ತಪ್ಪಿದೆ. ದಾರಿ ಹತ್ತಿರವಾದರೂ ಶಿಕ್ಷೆಯ ಪ್ರಮಾಣವನ್ನು ಪ್ರಶ್ನಿಸಿ ಮೇಲ್ಮನವಿಯ ಬಾಗಿಲನ್ನು ನೊಂದ ಮಗುವಿನ ತಾಯಿ ತಾನಾಗಿ ತಟ್ಟುವಂತಿಲ್ಲ. ಆದ್ದರಿಂದ ಶಿಕ್ಷೆಯ ಕಾರಣಗಳನ್ನು ಬರೆದ ಪುಟವನ್ನು ಸರ್ಕಾರಿ ವಕೀಲರು ಆಕೆಯ ಪರವಾಗಿ ಗಮನವಿಟ್ಟು ಓದಬೇಕು. ಅವರು ಓದದಿದ್ದರೆ ಆಕೆಗಾಗಿ ಓದುವವರು ಬೇರೆ ಯಾರೂ ಇಲ್ಲ.